ಪುಣೆ ಮೆಟ್ರೊದಲ್ಲಿ ಯುದ್ಧಭೂಮಿಗೆ: ಹಳಿಗೆ ದುಡ್ಡಿದೆ, ಬಯಲಿಗೆ ಕಾವಲಿಲ್ಲ

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಗೆ ಬರುವ ಸಾರಿಗೆ ಬಸ್ಸುಗಳು ಸ್ವಾರಗೇಟ್‌ನಲ್ಲಿ ಇಳಿಸುತ್ತವೆ. ರೈಲಿನವರು ಪುಣೆ ಜಂಕ್ಷನ್‌ನಲ್ಲಿ ಇಳಿಯುತ್ತಾರೆ. ಈಗ ಎರಡೂ ಕಡೆ ಮೆಟ್ರೊ ಇದೆ. ಶನಿವಾರವಾಡೆ ನೋಡಿ, ದಗಡೂಶೇಟ್ ಗಣಪತಿಗೆ ಕೈಮುಗಿದು, ಲಕ್ಷ್ಮೀ ರಸ್ತೆಯಲ್ಲಿ ಸೀರೆ ಕೊಂಡು ವಾಪಸಾಗುವ ಕನ್ನಡಿಗರು ಇನ್ನೊಂದು ದಿನ ಉಳಿಯುವುದಾದರೆ, ಪೇಶ್ವೆ ಆಳ್ವಿಕೆ ಮುಗಿದುಹೋದ ಮೂರು ಕಾಳಗಗಳ ನೆಲವನ್ನು ಸ್ವಂತ ಗಾಡಿಯಿಲ್ಲದೆ ನೋಡಬಹುದು: ಖಡ್ಕಿ, ಯೆರವಡಾ, ಕೋರೆಗಾಂವ್ ಭೀಮಾ. ಮೆಟ್ರೊ ಮತ್ತು ಪುಣೆಯ ನಗರ ಸಾರಿಗೆ ಸಂಸ್ಥೆ ಪಿಎಂಪಿಎಂಎಲ್‌ನ ಬಸ್ಸು ಈ ಕೆಲಸಕ್ಕೆ ಎಷ್ಟು ಆಗಿಬರುತ್ತವೆ, ಎಲ್ಲಿ ಕೈಕೊಡುತ್ತವೆ, ಯಾಕೆ ಕೈಕೊಡುತ್ತವೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ. ಕಾರಣ ಹುಡುಕುತ್ತ ಹೋದರೆ ದೆಹಲಿಯ ಕಾಯ್ದೆಗಳವರೆಗೂ ಹೋಗಬೇಕಾಗುತ್ತದೆ. ಹಾಗಾಗಿ ಅದೂ ಇಲ್ಲಿದೆ.

ಪುಣೆಯ ಒಂದು ಬಯಲನ್ನು ಕನ್ನಡದವರು ಯಾಕೆ ನೋಡಬೇಕು? 1817ರ ನವೆಂಬರ್ 5ರಂದು ಖಡ್ಕಿಯಲ್ಲಿ ಪೇಶ್ವೆಗೂ ಈಸ್ಟ್ ಇಂಡಿಯಾ ಕಂಪನಿಗೂ ಶುರುವಾದ ಯುದ್ಧ ಮುಂದಿನ ಬೇಸಿಗೆಯ ಹೊತ್ತಿಗೆ ನಮ್ಮ ಸೀಮೆಗೂ ಬಂದಿತ್ತು. ಕಂಪನಿಯ ಸೇನಾಧಿಕಾರಿ ಥಾಮಸ್ ಮನ್ರೊ 1818ರಲ್ಲಿ ಬಾದಾಮಿ ಕೋಟೆಯನ್ನೂ ಬೆಳಗಾವಿ ಕೋಟೆಯನ್ನೂ ಹಿಡಿದ. ಪೇಶ್ವೆಯ ಕೈಯಲ್ಲಿದ್ದ ಧಾರವಾಡ, ಬೆಳಗಾವಿ ಕಡೆಯ ಪ್ರದೇಶ ಕಂಪನಿಗೆ ಹೋಯಿತು, ಆಮೇಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿ 1956ರವರೆಗೂ ಅಲ್ಲೇ ಉಳಿಯಿತು. 'ಮುಂಬೈ ಕರ್ನಾಟಕ' ಎಂಬ ಮಾತಿನ ಬೇರು ಈ ಬಯಲಿನಲ್ಲಿದೆ.

ಮೊದಲು ಮೆಟ್ರೊ. ಎರಡು ಮಾರ್ಗಗಳು ಓಡುತ್ತಿವೆ. ನೇರಳೆ ಮಾರ್ಗ ಪಿಂಪ್ರಿ ಚಿಂಚವಡದಿಂದ ಸ್ವಾರಗೇಟ್‌ಗೆ, ಅಕ್ವಾ ಮಾರ್ಗ ವನಾಜ್‌ನಿಂದ ರಾಮವಾಡಿಗೆ. ಎರಡೂ ಸೇರಿ 33 ಕಿಲೋಮೀಟರ್ ಚಿಲ್ಲರೆ. ಬೆಳಿಗ್ಗೆ 6ಕ್ಕೆ ಶುರುವಾಗಿ ರಾತ್ರಿ 11ರವರೆಗೆ ಓಡುತ್ತದೆ. ಕನಿಷ್ಠ ದರ 10 ರೂಪಾಯಿ, ಗರಿಷ್ಠ 35. ಶನಿವಾರ, ಭಾನುವಾರ ಎಲ್ಲರಿಗೂ ಶೇ. 30 ರಿಯಾಯಿತಿ ಇರುವುದರಿಂದ ಈ ತಿರುಗಾಟವನ್ನು ವಾರಾಂತ್ಯಕ್ಕೆ ಇಟ್ಟುಕೊಂಡರೆ ಅಗ್ಗ. ಟಿಕೆಟ್ ವಾಟ್ಸಾಪ್‌ನಲ್ಲೂ ಸಿಗುತ್ತದೆ, ಕೌಂಟರ್‌ನಲ್ಲೂ ಸಿಗುತ್ತದೆ. ಗಾಡಿ ಸ್ವಚ್ಛ, ತಂಪು, ಸಮಯಕ್ಕೆ ಸರಿ. ಅಷ್ಟರ ಮಟ್ಟಿಗೆ ಐದಕ್ಕೆ ನಾಲ್ಕೂವರೆ ಅಂಕ ಕೊಡಲು ಹಿಂಜರಿಕೆ ಬೇಡ.

ಒಂದು ಜಾಗದಲ್ಲಿ ಮಾತ್ರ ಸಮಯದ ಲೆಕ್ಕ ತಪ್ಪುತ್ತದೆ, ಅದು ಡಿಸ್ಟ್ರಿಕ್ಟ್ ಕೋರ್ಟ್ ನಿಲ್ದಾಣ. ಎರಡೂ ಮಾರ್ಗ ಕೂಡುವುದು ಇಲ್ಲೇ. ನೇರಳೆ ಮಾರ್ಗ ನೆಲದಿಂದ ಸುಮಾರು 33 ಮೀಟರ್ ಆಳದಲ್ಲಿದೆ, ಅಕ್ವಾ ಮಾರ್ಗ ಕಂಬಗಳ ಮೇಲಿದೆ. ನಕ್ಷೆಯಲ್ಲಿ ಒಂದೇ ಚುಕ್ಕಿಯಾಗಿ ಕಾಣುವ ಈ ಬದಲಾವಣೆಗೆ ಎಸ್ಕಲೇಟರ್ ಮೇಲೆ ಎಸ್ಕಲೇಟರ್ ಹತ್ತಬೇಕು. ವಯಸ್ಸಾದವರು ಜೊತೆಗಿದ್ದರೆ ಲಿಫ್ಟ್ ಹುಡುಕಿಕೊಳ್ಳಿ, ಹತ್ತು ನಿಮಿಷ ಹೆಚ್ಚಿಗೆ ಇಟ್ಟುಕೊಳ್ಳಿ. ಮುಂದೆ ಬಸ್ಸು ಹಿಡಿಯುವ ಲೆಕ್ಕವಿದ್ದರಂತೂ ಈ ಹತ್ತು ನಿಮಿಷ ಬಿಡಲೇಬಾರದು.

ಇನ್ನು ಖಡ್ಕಿ. ಸ್ವಾರಗೇಟ್‌ನಿಂದ ನೇರಳೆ ಮಾರ್ಗ ಹತ್ತಿದರೆ ಮಂಡಈ, ಕಸಬಾ ಪೇಠ, ಡಿಸ್ಟ್ರಿಕ್ಟ್ ಕೋರ್ಟ್, ಶಿವಾಜಿನಗರ ಎಲ್ಲ ಸುರಂಗದಲ್ಲೇ. ಶಿವಾಜಿನಗರ ದಾಟಿದ ಮೇಲೆ ಗಾಡಿ ಮೇಲಕ್ಕೆ ಬರುತ್ತದೆ. ಪಿಂಪ್ರಿ ಕಡೆಗೆ ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ. ಪಶ್ಚಿಮಕ್ಕೆ ಕಾಣುವ ತಗ್ಗು ಗುಡ್ಡಸಾಲು ಗಣೇಶಖಿಂಡದ್ದು. ಕಾಳಗದ ದಿನ ಪೇಶ್ವೆಯ ಸೇನಾಪತಿ ಬಾಪು ಗೋಖಲೆಯ ಸೇನೆ ಕದಲಿದ್ದು ಆ ಕಡೆಯಿಂದ. ಕಂಪನಿಯ ಪಡೆ ಖಡ್ಕಿಯ ಕಡೆಯಿಂದ ಬಂತು. ನಡುವಿನ ಬಯಲೇ ರಣರಂಗ. ಈಗ ಅಲ್ಲಿ ಕೃಷಿ ಕಾಲೇಜಿನ ಜಮೀನು, ರೇಂಜ್ ಹಿಲ್ಸ್‌ನ ವಸತಿ, ರೈಲು ಹಳಿ, ಸೇನೆಯ ಆವರಣಗಳು ಇವೆ. ನೇರಳೆ ಮಾರ್ಗದ ರೇಂಜ್ ಹಿಲ್ಸ್ ಡಿಪೊ ಕೂಡ ಕೃಷಿ ಕಾಲೇಜಿನ ಜಾಗದಲ್ಲೇ ಕಟ್ಟಿದ್ದು. ಯುದ್ಧದ ಬಯಲಿನ ಅಂಚಿನಲ್ಲಿ ಇವತ್ತು ಮೆಟ್ರೊ ಗಾಡಿಗಳು ರಾತ್ರಿ ತಂಗುತ್ತವೆ.

ಕಾಳಗದ ಲೆಕ್ಕ ಗೊತ್ತಿದ್ದರೆ ಕಿಟಕಿಯಿಂದಲೇ ಬಹಳಷ್ಟು ಅರ್ಥವಾಗುತ್ತದೆ. ಕಂಪನಿಯ ಲೆಫ್ಟಿನೆಂಟ್ ಕರ್ನಲ್ ಬರ್‌ನ ಕೈಕೆಳಗೆ ಸುಮಾರು 2,800 ಜನ. ಎದುರಿಗೆ ಅದರ ಹತ್ತು ಪಟ್ಟಿನಷ್ಟು ಮರಾಠಾ ಸೇನೆ, ಅದರಲ್ಲಿ ಹೆಚ್ಚಿನವರು ಸವಾರರು. ಪುಣೆಯಲ್ಲಿದ್ದ ಕಂಪನಿಯ ಪ್ರತಿನಿಧಿ, ರೆಸಿಡೆಂಟ್ ಎಲ್ಫಿನ್‌ಸ್ಟನ್ ಆ ಮಧ್ಯಾಹ್ನ ಮುಳಾ-ಮುಠಾ ಸಂಗಮದ ಬಳಿಯ ತನ್ನ ನಿವಾಸ ಬಿಟ್ಟು, ನದಿ ದಾಟಿ ಖಡ್ಕಿಯ ದಂಡಿಗೆ ಸೇರಿಕೊಂಡ. ಅವನು ಬಿಟ್ಟ ಮೇಲೆ ನಿವಾಸಕ್ಕೆ ಬೆಂಕಿ ಬಿತ್ತು. ಸಾವಿರಾರು ಕುದುರೆಗಳ ದಾಳಿ ಕಂಪನಿಯ ಏಳನೇ ರೆಜಿಮೆಂಟಿನ ಮೇಲೆ ನುಗ್ಗಿದಾಗ ಆಟ ಮುಗಿಯಬೇಕಿತ್ತು. ಆದರೆ ಆ ಪಡೆಯ ಮುಂದೆ ಯಾರ ಕಣ್ಣಿಗೂ ಬೀಳದ ಒಂದು ಜೌಗು ಇತ್ತು. ಮುಂದಿನ ಕುದುರೆಗಳು ಕೆಸರಿಗೆ ಬಿದ್ದವು, ಹಿಂದಿನವು ಅವುಗಳ ಮೇಲೆ ಬಿದ್ದವು, ಬಂದೂಕಿನ ಗುಂಡು ಉಳಿದ ಕೆಲಸ ಮಾಡಿತು. ಮರಾಠರ ಬಾವುಟ ಜರೀಪಟಕಾ ಹಿಡಿದಿದ್ದ ಮೋರೊ ದೀಕ್ಷಿತ ಬಿದ್ದ. ಕಂಪನಿಯ ಕಡೆ ಸತ್ತವರು, ಗಾಯಗೊಂಡವರು ಸೇರಿ 86. ಮರಾಠರ ಕಡೆ ಸುಮಾರು 500. ಪೇಶ್ವೆ ಎರಡನೇ ಬಾಜೀರಾಯ ಇದನ್ನೆಲ್ಲ ದೂರದ ಪರ್ವತಿ ಗುಡ್ಡದಿಂದ ನೋಡುತ್ತಿದ್ದ.

ಈ ಜೌಗಿನ ಸಂಗತಿಯೇ ಯುದ್ಧಭೂಮಿ ಎಂದರೆ ಏನು ಎಂಬುದನ್ನು ತೋರಿಸುತ್ತದೆ. ಇಲ್ಲಿ ಕಾಪಾಡಬೇಕಾದ ಕಟ್ಟಡವಿಲ್ಲ. ಸೋಲು ಗೆಲುವನ್ನು ತೀರ್ಮಾನಿಸಿದ್ದು ನೆಲದ ಏರಿಳಿತ, ನೀರು ನಿಲ್ಲುವ ತಗ್ಗು, ಗುಡ್ಡದಿಂದ ನದಿಯವರೆಗಿನ ದೃಷ್ಟಿ. ಒಂದು ಲೇಔಟ್ ಎದ್ದರೆ, ಒಂದು ಹಳ್ಳ ಮುಚ್ಚಿದರೆ ಆ ಪುಟ ಹರಿದಂತೆ.

ಖಡ್ಕಿ ನಿಲ್ದಾಣದಲ್ಲಿ ಇಳಿಯುವವರಿಗೆ ಎರಡು ಎಚ್ಚರಿಕೆ. ಒಂದು, ಫೋನಿನ ನಕ್ಷೆಯಲ್ಲಿ ಖಡ್ಕಿ, ಯುದ್ಧ ಎಂದು ಹುಡುಕಿದರೆ ಮೊದಲು ಬರುವುದು ಕರ್ಕೀ ವಾರ್ ಸಿಮೆಟ್ರಿ. ಅದು ಕಾಮನ್‌ವೆಲ್ತ್ ಸಮಾಧಿ ಆಯೋಗದ್ದು, ಎರಡನೇ ಮಹಾಯುದ್ಧದ 1,600ಕ್ಕೂ ಹೆಚ್ಚು ಯೋಧರ ಸಮಾಧಿಗಳು ಅಲ್ಲಿವೆ, ಮೊದಲ ಮಹಾಯುದ್ಧದವರ ಸ್ಮಾರಕವೂ ಇದೆ. ಬಹಳ ಅಚ್ಚುಕಟ್ಟಾದ, ಮನಸ್ಸಿಗೆ ನಾಟುವ ಜಾಗ. ಆದರೆ 1817ಕ್ಕೂ ಅದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಹೋಗಿ ಬರುವವರು ಇದ್ದಾರೆ. ಎರಡು, ಖಡ್ಕಿ ದಂಡುಪ್ರದೇಶ. ಮದ್ದುಗುಂಡು ಕಾರ್ಖಾನೆ, ಸೇನೆಯ ಎಂಜಿನಿಯರ್ ದಳವಾದ ಬಾಂಬೆ ಸ್ಯಾಪರ್ಸ್ ಕೇಂದ್ರ ಎಲ್ಲ ಸುತ್ತಮುತ್ತಲೇ ಇವೆ. ಬಯಲು ಕಂಡಿತೆಂದು ಬೇಲಿಯತ್ತ ಕ್ಯಾಮೆರಾ ಎತ್ತಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಗುರುತಿನ ಚೀಟಿ ಜೇಬಿನಲ್ಲಿರಲಿ.

ಹಾಗಾದರೆ ಬಯಲನ್ನು ಎಲ್ಲಿ ನಿಂತು ನೋಡುವುದು? ಸಾವಿತ್ರಿಬಾಯಿ ಫುಲೆ ಪುಣೆ ವಿಶ್ವವಿದ್ಯಾಲಯದ ಆವರಣ ಎಲ್ಲಕ್ಕಿಂತ ಒಳ್ಳೆಯದು. ಶಿವಾಜಿನಗರದಲ್ಲಿ ಇಳಿದು ಗಣೇಶಖಿಂಡ ರಸ್ತೆಯಲ್ಲಿ ಔಂಧ್, ಬಾಣೇರ್ ಕಡೆಗೆ ಹೋಗುವ ಯಾವ ಪಿಎಂಪಿಎಂಎಲ್ ಬಸ್ಸು ಹಿಡಿದರೂ ವಿದ್ಯಾಪೀಠದ ಬಾಗಿಲಿಗೆ ಹೋಗುತ್ತದೆ. ಒಳಗಿನ ಮುಖ್ಯ ಕಟ್ಟಡ ಹಿಂದೆ ಮುಂಬಯಿ ಗವರ್ನರರ ಮಳೆಗಾಲದ ಬಂಗಲೆ. 1864ರಲ್ಲಿ ಬಾರ್ಟಲ್ ಫ್ರೇರ್ ಕಟ್ಟಲು ಶುರುಮಾಡಿಸಿದ್ದು. ಎದುರಾಳಿ ಸೇನೆ ಹೊರಟ ಗುಡ್ಡದ ಬುಡದಲ್ಲೇ ಗೆದ್ದವರು ತಮ್ಮ ಅರಮನೆ ಎಬ್ಬಿಸಿದರು. ಅಲ್ಲಿಂದ ಪೂರ್ವಕ್ಕೆ, ಈಶಾನ್ಯಕ್ಕೆ ಮುಖ ಮಾಡಿ ನಿಂತರೆ ಮರಗಳ ಸಂದಿಯಲ್ಲಿ ಖಡ್ಕಿಯವರೆಗಿನ ಇಳಿಜಾರು ತಿಳಿಯುತ್ತದೆ. ಹಿಂಜೆವಾಡಿಯಿಂದ ಶಿವಾಜಿನಗರಕ್ಕೆ ಬರುವ ಮೂರನೇ ಮೆಟ್ರೊ ಮಾರ್ಗ ಇದೇ ಗಣೇಶಖಿಂಡ ರಸ್ತೆಯ ಮೇಲೆಯೇ ಹಾದಿದೆ. ಸಂಜೆ 6ರಿಂದ 8ರ ನಡುವೆ ವಿದ್ಯಾಪೀಠ ವೃತ್ತದಲ್ಲಿ ಬಸ್ಸು ಅಲ್ಲಾಡುವುದಿಲ್ಲ. ಬೆಳಿಗ್ಗೆ ಹೋಗಿ, ಹತ್ತರೊಳಗೆ ಮುಗಿಸಿ.

ಪರ್ವತಿ ನೋಡದೆ ಖಡ್ಕಿ ಪೂರ್ತಿಯಾಗುವುದಿಲ್ಲ. ಸ್ವಾರಗೇಟ್‌ಗೆ ಹತ್ತಿರ, ನೂರಕ್ಕಿಂತ ತುಸು ಹೆಚ್ಚು ಅಗಲ ಮೆಟ್ಟಿಲು. ಮೇಲಿಂದ ಖಡ್ಕಿ ಎಷ್ಟು ದೂರ ಎಂದು ನೋಡಿದರೆ ಪೇಶ್ವೆಗೆ ಆ ದಿನ ಕಂಡದ್ದು ಹೊಗೆ, ಧೂಳು ಬಿಟ್ಟರೆ ಬೇರೇನೂ ಇರಲಾರದು ಎನಿಸುತ್ತದೆ.

ಯೆರವಡಾಕ್ಕೆ ಹೆಚ್ಚು ಹೊತ್ತು ಬೇಡ. ಅಕ್ವಾ ಮಾರ್ಗದಲ್ಲಿ ಬಂಡ್ ಗಾರ್ಡನ್ ಮತ್ತು ಯೆರವಡಾ ನಿಲ್ದಾಣಗಳ ನಡುವೆ ಗಾಡಿ ಮುಳಾ-ಮುಠಾ ನದಿ ದಾಟುತ್ತದೆ. 1817ರ ನವೆಂಬರ್ 16ರಂದು ಕಂಪನಿಯ ಜನರಲ್ ಸ್ಮಿತ್‌ನ ಪಡೆ ನದಿ ದಾಟಿದ್ದು ಈ ಯೆರವಡಾ ಕಡೆಯಿಂದಲೇ. ಆ ರಾತ್ರಿ ಪೇಶ್ವೆ ಊರು ಬಿಟ್ಟ, ಮರುದಿನ ಶನಿವಾರವಾಡೆಯ ಮೇಲೆ ಕಂಪನಿಯ ಬಾವುಟ ಏರಿತು. ನೋಡಲು ಉಳಿದಿರುವುದು ನದಿಯ ಹರಿವು ಒಂದೇ. ಅದನ್ನು ಸೇತುವೆಯ ಮೇಲಿಂದಲೇ ನೋಡಿ ಮುಂದೆ ಸಾಗಬಹುದು.

ಯೆರವಡಾ ಆದ ಮೇಲೆ ಗಾಡಿ ಒಂದು ಸುತ್ತು ಹೊಡೆಯುತ್ತದೆ. ನಕ್ಷೆ ನೋಡಿದವರಿಗೆ ಇದು ವಿಚಿತ್ರ ಎನಿಸುತ್ತದೆ, ಅಹಿಲ್ಯಾನಗರದ (ಹಳೆಯ ಅಹಮದ್‌ನಗರ) ಕಡೆಗೆ ಹೋಗುವ 'ನಗರ ರಸ್ತೆ' ನೇರವಾಗಿದೆ, ಮೆಟ್ರೊ ಮಾತ್ರ ಕಲ್ಯಾಣಿನಗರದೊಳಗೆ ಹೋಗಿ ರಾಮವಾಡಿಗೆ ಬರುತ್ತದೆ. ಮೊದಲ ಯೋಜನೆಯಲ್ಲಿ ಮಾರ್ಗ ನಗರ ರಸ್ತೆಯಲ್ಲೇ, ಆಗಾ ಖಾನ್ ಅರಮನೆಯ ಮುಂದೆಯೇ ಇತ್ತು. ಆ ಅರಮನೆ ರಾಷ್ಟ್ರೀಯ ಮಹತ್ವದ ಸ್ಮಾರಕ. 1942ರ ಆಗಸ್ಟ್‌ನಿಂದ ಗಾಂಧೀಜಿ, ಕಸ್ತೂರಬಾ, ಮಹಾದೇವ ದೇಸಾಯಿ ಅಲ್ಲಿ ಬಂಧನದಲ್ಲಿದ್ದರು. ದೇಸಾಯಿ, ಕಸ್ತೂರಬಾ ಇಬ್ಬರೂ ಅಲ್ಲೇ ತೀರಿಕೊಂಡರು, ಸಮಾಧಿಗಳೂ ಅಲ್ಲೇ ಇವೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ನಿಷೇಧಿತ ವಲಯದಲ್ಲಿ ಹೊಸ ಕಟ್ಟಡವೇಳುವಂತಿಲ್ಲ, ಸರ್ಕಾರದ್ದಾದರೂ ಅಷ್ಟೇ. ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ ವಿನಾಯಿತಿ ಕೊಡುವ ಮಸೂದೆ 2018ರ ಜನವರಿಯಲ್ಲಿ ಲೋಕಸಭೆ ದಾಟಿತು, ರಾಜ್ಯಸಭೆಯಲ್ಲಿ ಆಯ್ಕೆ ಸಮಿತಿಗೆ ಹೋಯಿತು, ಕಾಯ್ದೆಯಾಗಲಿಲ್ಲ. ಕೊನೆಗೆ ಮೆಟ್ರೊವೇ ದಾರಿ ಬದಲಿಸಿಕೊಂಡಿತು. ಕಲ್ಯಾಣಿನಗರದವರು, ಪಕ್ಷಿಪ್ರಿಯರು ನದಿದಂಡೆಯ ಹಕ್ಕಿಗಳ ಗತಿಯೇನು ಎಂದು ಆಕ್ಷೇಪಿಸಿದರು. ಅವರ ಮಾತಿನಲ್ಲಿ ಹುರುಳಿತ್ತು. ಆದರೂ ಸಾವಿರಾರು ಕೋಟಿಯ ಯೋಜನೆಯೊಂದು ಕಾಯ್ದೆಯ 100 ಮೀಟರ್‌ಗೆ ತಲೆಬಾಗಿದ್ದು ಈ ಊರು ಕಣ್ಣಾರೆ ಕಂಡ ಸಂಗತಿ.

ಅದೇ ಕಾಯ್ದೆ ಖಡ್ಕಿಯ ಬಯಲಿಗೆ ಒಂದು ಮೀಟರಿನ ರಕ್ಷಣೆಯನ್ನೂ ಕೊಡುವುದಿಲ್ಲ. ಕಾಯ್ದೆಯ ಕಣ್ಣಿಗೆ ಸ್ಮಾರಕವೆಂದರೆ ಕಟ್ಟಡ, ಗುಹೆ, ಶಿಲ್ಪ, ಶಾಸನ, ಏಕಶಿಲೆ, ಇಲ್ಲವೇ ಅವಶೇಷ ಸಿಗುವ ಪುರಾತತ್ವ ನೆಲೆ. ಕುದುರೆ ಓಡಿದ ಬಯಲು ಇದರಲ್ಲಿ ಎಲ್ಲೂ ಸಲೀಸಾಗಿ ಕೂರುವುದಿಲ್ಲ. ಪುಣೆಯ ಶನಿವಾರವಾಡೆ, ಪಾತಾಳೇಶ್ವರ, ಆಗಾ ಖಾನ್ ಅರಮನೆ ಕೇಂದ್ರದ ಪಟ್ಟಿಯಲ್ಲಿವೆ. ಖಡ್ಕಿಯ ರಣಭೂಮಿ ಇಲ್ಲ. ಬಯಲು ಇಷ್ಟಾದರೂ ಉಳಿದಿರುವುದು ಸೇನೆ, ಕೃಷಿ ಕಾಲೇಜು, ವಿಶ್ವವಿದ್ಯಾಲಯಗಳು ಬೇರೆ ಕಾರಣಕ್ಕೆ ಜಮೀನು ಹಿಡಿದುಕೊಂಡಿರುವುದರಿಂದ. ನಾಳೆ ಅವರು ಬಿಟ್ಟುಕೊಟ್ಟರೆ ತಡೆಯುವ ಕಾಯ್ದೆ ಕಾಗದದ ಮೇಲಿಲ್ಲ.

ಬೇರೆ ದೇಶದಲ್ಲಿ ಈ ಪ್ರಶ್ನೆ ಬಗೆಹರಿದದ್ದು ಸಾರ್ವಜನಿಕ ಸಾರಿಗೆಯ ಹಳಿಯಿಂದಲೇ. ಅಮೆರಿಕದ ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಜುಲೈನ ಮೊದಲ ಮೂರು ದಿನ ನಡೆದ ಮಹಾಕಾಳಗದ ಬಯಲಿನಲ್ಲಿ ಒಂದು ಎಲೆಕ್ಟ್ರಿಕ್ ರೈಲ್ವೆ ಕಂಪನಿ ಪ್ರವಾಸಿಗರಿಗಾಗಿ ಟ್ರಾಮ್ ಹಳಿ ಹಾಕಲು ಹೊರಟಿತು. ಕೇಂದ್ರ ಸರ್ಕಾರ ಆ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲು ಮುಂದಾಯಿತು. ಯುದ್ಧಭೂಮಿ ಕಾಪಾಡುವುದು ಸಾರ್ವಜನಿಕ ಉದ್ದೇಶವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1896ರಲ್ಲಿ ಕೋರ್ಟು ಹೌದು ಎಂದಿತು. ಮುಂದೆ 1966ರ ಸಾರಿಗೆ ಇಲಾಖೆ ಕಾಯ್ದೆಯ 4(ಎಫ್) ಕಲಮು ಬಂತು. ಕೇಂದ್ರದ ದುಡ್ಡಿನಲ್ಲಿ ರಸ್ತೆ, ರೈಲು ಮಾಡುವವರು ಐತಿಹಾಸಿಕ ಜಾಗವನ್ನು ಮುಟ್ಟಬೇಕಾದರೆ ಬೇರೆ ವಿವೇಕದ ದಾರಿ ಇಲ್ಲವೆಂದು ಮೊದಲು ತೋರಿಸಬೇಕು. ಮುಟ್ಟಲೇಬೇಕಾದರೆ ಹಾನಿಯನ್ನು ಆದಷ್ಟೂ ಕಡಿಮೆ ಮಾಡುವ ಯೋಜನೆ ಕೊಡಬೇಕು. ಜೊತೆಗೆ ಯುದ್ಧಭೂಮಿ ಖರೀದಿಗೆಂದೇ ಕೇಂದ್ರದ ಅನುದಾನವಿದೆ, ಅರ್ಧ ಅದು ಕೊಡುತ್ತದೆ, ಉಳಿದರ್ಧ ಸ್ಥಳೀಯರು ಹೊಂದಿಸಬೇಕು. ಸಾರಿಗೆಯ ಹಣ ಮತ್ತು ನೆಲದ ರಕ್ಷಣೆ ಅಲ್ಲಿ ಒಂದೇ ಗಂಟಿನಲ್ಲಿ ಸೇರಿವೆ. ನಮ್ಮಲ್ಲಿ ಅವೆರಡಕ್ಕೂ ಪರಿಚಯವೇ ಇಲ್ಲ.

ನಮ್ಮಲ್ಲಿ ಹಣದ ಕಡೆ ಮಾತ್ರ ಗಟ್ಟಿಯಾಗಿದೆ. ಪುಣೆ ಮೆಟ್ರೊದ ಮೊದಲ ಹಂತಕ್ಕೆ ಕೇಂದ್ರ ಸಂಪುಟ 2016ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಾಗ ಅಂದಾಜು ವೆಚ್ಚ 11,420 ಕೋಟಿ ರೂಪಾಯಿ. ಅದನ್ನು ಕಟ್ಟಿ ನಡೆಸುವ ಮಹಾ ಮೆಟ್ರೊ ಕಂಪನಿಯಲ್ಲಿ ಕೇಂದ್ರಕ್ಕೂ ರಾಜ್ಯಕ್ಕೂ ಅರ್ಧರ್ಧ ಪಾಲು. 2017ರ ಮೆಟ್ರೊ ನೀತಿ ಬಂದ ಮೇಲೆ ಕೇಂದ್ರದ ನೆರವಿಗೆ ಮೂರು ದಾರಿ: ಖಾಸಗಿ ಸಹಭಾಗಿತ್ವಕ್ಕೆ ಕೊರತೆ ತುಂಬುವ ಹಣ, ಶೇ. 10 ಅನುದಾನ, ಇಲ್ಲವೇ ಅರ್ಧರ್ಧ ಪಾಲು. ಅದೇ ನೀತಿಯಲ್ಲಿ ಪ್ರಯಾಣಿಕರು ನೆನಪಿಡಬೇಕಾದ ಇನ್ನೊಂದು ಷರತ್ತಿದೆ. ನಿಲ್ದಾಣದ ಎರಡೂ ಬದಿ 5 ಕಿಲೋಮೀಟರ್‌ವರೆಗೆ ಫೀಡರ್ ಸೇವೆ (ನಿಲ್ದಾಣಕ್ಕೆ ಜನರನ್ನು ತಂದು ಬಿಡುವ ಸಾರಿಗೆ) ಹೇಗೆ ಕೊಡುತ್ತೇವೆಂದು ರಾಜ್ಯವು ಯೋಜನಾ ವರದಿಯಲ್ಲೇ ಹೇಳಿ, ಒಪ್ಪಿಕೊಳ್ಳಬೇಕು. ವಿದ್ಯಾಪೀಠ, ಆಗಾ ಖಾನ್ ಅರಮನೆ, ಖಡ್ಕಿಯ ಸಿಮೆಟ್ರಿ, ಪರ್ವತಿ ಎಲ್ಲವೂ ಒಂದಲ್ಲ ಒಂದು ನಿಲ್ದಾಣದ ಈ ಅಳತೆಯೊಳಗೇ ಬರುತ್ತವೆ.

ಫೀಡರ್ ಎಂದರೆ ಬಸ್ಸು, ಬಸ್ಸು ಎಂದರೆ ಪಿಎಂಪಿಎಂಎಲ್. ತೊಡಕು ಇರುವುದು ಇಲ್ಲಿ. ಮೆಟ್ರೊಗೆ ಕೇಂದ್ರ ಪಾಲುದಾರ. ಬಸ್ಸಿನ ವರ್ಷದ ನಷ್ಟವನ್ನು ಪುಣೆ ಮತ್ತು ಪಿಂಪ್ರಿ ಚಿಂಚವಡ ಪಾಲಿಕೆಗಳು 60:40ರ ಲೆಕ್ಕದಲ್ಲಿ ತುಂಬಿಕೊಡುತ್ತವೆ. ಕೇಂದ್ರ ಬಸ್ಸು ಕೊಂಡುಕೊಳ್ಳಲು ಆಗೀಗ ದುಡ್ಡು ಕೊಟ್ಟಿದೆ. 2005ರ ನಂತರ ನಗರಗಳ ನವೀಕರಣದ ಜೆನರ್ಮ್ ಯೋಜನೆಯಿತ್ತು, 2023ರ ಆಗಸ್ಟ್‌ನಲ್ಲಿ 10,000 ಇ-ಬಸ್ಸುಗಳ ಪಿಎಂ ಇ-ಬಸ್ ಸೇವಾ ಘೋಷಣೆಯಾಯಿತು. ಆದರೆ ಹಳಿಗೆ ಇರುವಂಥ ಕಾಯಂ ಕಾಯ್ದೆ, ಕಾಯಂ ಪಾಲು ಬಸ್ಸಿಗಿಲ್ಲ. ಬಾಗಿಲವರೆಗೆ ಹವಾನಿಯಂತ್ರಿತ ಗಾಡಿ, ಬಾಗಿಲಾಚೆ ಯಾವಾಗ ಬರುತ್ತದೋ ಗೊತ್ತಿಲ್ಲದ ಬಸ್ಸು ಎಂಬ ಅನುಭವದ ಮೂಲ ಇದು, ಡ್ರೈವರ್ ಕಂಡಕ್ಟರ್‌ಗಳ ಸೋಮಾರಿತನವಲ್ಲ. ಬಸ್ಸಿಗೆ ಐದಕ್ಕೆ ಎರಡೂವರೆ ಅಂಕ. ಆ ಎರಡೂವರೆಯೂ ಜಾಲ ಎಷ್ಟು ದೂರ ಹರಡಿದೆ ಎಂಬುದಕ್ಕೆ.

2025ರ ಜೂನ್‌ನಿಂದ ಬಸ್ಸಿನ ದರ ಹೀಗಿದೆ: ಮೊದಲ 5 ಕಿಲೋಮೀಟರ್‌ಗೆ 10 ರೂಪಾಯಿ, ಮುಂದೆ ಹಂತ ಹಂತವಾಗಿ ಏರುತ್ತದೆ. ಎರಡೂ ಪಾಲಿಕೆಗಳ ವ್ಯಾಪ್ತಿಯ ದಿನದ ಪಾಸ್ 70 ರೂಪಾಯಿ, ಅದರಾಚೆಯ ಮಹಾನಗರ ಪ್ರದೇಶದ, ಅಂದರೆ ಪಿಎಂಆರ್‌ಡಿಎ ವ್ಯಾಪ್ತಿಗೂ ಸೇರಿದ ಪಾಸ್ 150. ಕೋರೆಗಾಂವ್ ಕಡೆಗಾಗಲಿ, ಸಿಂಹಗಡಕ್ಕಾಗಲಿ ಹೋಗುವವರು 70ರ ಪಾಸ್ ಕೊಂಡು ಊರ ಗಡಿ ದಾಟಿದ ಮೇಲೆ ಮತ್ತೆ ಟಿಕೆಟ್ ಕೊಳ್ಳುವ ಪಾಡು ಮಾಡಿಕೊಳ್ಳಬಾರದು. ಮೆಟ್ರೊದಲ್ಲಿ ಈ ಪಾಸ್ ನಡೆಯುವುದಿಲ್ಲ.

ಕೋರೆಗಾಂವ್ ಭೀಮಾಕ್ಕೆ ಎರಡು ದಾರಿ. ಒಂದು, ಅಕ್ವಾ ಮಾರ್ಗದ ಕೊನೆಯಾದ ರಾಮವಾಡಿಯಲ್ಲಿ ಇಳಿದು, ನಗರ ರಸ್ತೆಯಲ್ಲಿ ವಾಘೋಲಿ, ಲೋಣಿಕಂದ ಕಡೆಯ ಬಸ್ಸು ಹಿಡಿಯುವುದು. ಹತ್ತುವ ಮೊದಲು 'ಪೆರ್ಣೆ ಫಾಟಾ' ಎಂದು ಕೇಳಿ, ಕಾಳಗದ ಸ್ಮಾರಕವಾದ ಜಯಸ್ತಂಭ ಇರುವುದು ಅಲ್ಲೇ; ವಾಘೋಲಿಗೇ ನಿಲ್ಲುವ ಬಸ್ಸುಗಳೇ ಹೆಚ್ಚು. ಇನ್ನೊಂದು, ಶಿರೂರು, ಅಹಿಲ್ಯಾನಗರ ಕಡೆಯ ಮಹಾರಾಷ್ಟ್ರ ರಾಜ್ಯ ಸಾರಿಗೆಯ ಎಸ್‌ಟಿ ಬಸ್ಸು. ಇಲ್ಲಿ ಹೊಸಬರು ಎಡವುತ್ತಾರೆ. ಶಿವಾಜಿನಗರದ ಎಸ್‌ಟಿ ನಿಲ್ದಾಣವನ್ನು ಮೆಟ್ರೊ ಕಾಮಗಾರಿಗಾಗಿ 2019ರ ಕೊನೆಗೆ ವಾಕಡೇವಾಡಿಗೆ ಸಾಗಿಸಿದರು. ಶಿವಾಜಿನಗರ ಮೆಟ್ರೊದಲ್ಲಿ ಇಳಿದು ಹಳೆಯ ನಿಲ್ದಾಣ ಹುಡುಕಿದರೆ ಹೊತ್ತು ಹಾಳು. ರಿಕ್ಷಾದವರಿಗೆ ವಾಕಡೇವಾಡಿ ಎಂದೇ ಹೇಳಿ. ಎಸ್‌ಟಿ ಬಸ್ಸು ಬೇಗ ಮುಟ್ಟಿಸುತ್ತದೆ, ಆದರೆ ಪೆರ್ಣೆಯಲ್ಲಿ ನಿಲ್ಲಿಸುತ್ತದೆಯೇ ಎಂದು ಕಂಡಕ್ಟರನನ್ನು ಮೊದಲೇ ಕೇಳಿಕೊಳ್ಳಬೇಕು.

ಪೆರ್ಣೆಯ ಜಯಸ್ತಂಭ ಹೆದ್ದಾರಿಯ ಬದಿಯಲ್ಲೇ, ಭೀಮಾ ನದಿಗೆ ಹತ್ತಿರ ಇದೆ. 1818ರ ಜನವರಿ 1ರಂದು ಶಿರೂರಿನಿಂದ ರಾತ್ರಿಯಿಡೀ ನಡೆದು ಬಂದ ಕ್ಯಾಪ್ಟನ್ ಸ್ಟಾಂಟನ್‌ನ ಸುಮಾರು 800 ಜನ, ಎರಡು ತೋಪು, ಎದುರಿಗೆ ಪೇಶ್ವೆಯ ದೊಡ್ಡ ಸೇನೆ. ಕಾಳಗ ನಡೆದದ್ದು ಬಯಲಿನಲ್ಲಲ್ಲ, ಕೋರೆಗಾಂವ್ ಊರಿನ ಮಣ್ಣಿನ ಗೋಡೆಗಳ ನಡುವೆ, ಮನೆ ಮನೆಗೆ. ಕಂಪನಿಯ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು 275. ಸ್ತಂಭದ ಮೇಲೆ ಸತ್ತವರ ಹೆಸರುಗಳಿವೆ. 'ನಾಕ' ಎಂದು ಕೊನೆಗೊಳ್ಳುವ ಹೆಸರುಗಳನ್ನು ಒಂದೊಂದಾಗಿ ಓದಿ, ಅವು ದಲಿತ ಮಹಾರ್ ಸಮುದಾಯದ ಸೈನಿಕರವು. 1927ರ ಜನವರಿ 1ರಂದು ಡಾ. ಅಂಬೇಡ್ಕರ್ ಇಲ್ಲಿಗೆ ಬಂದರು. ಅಂದಿನಿಂದ ಈ ಕಲ್ಲು ಕಂಪನಿಯ ಗೆಲುವಿನ ಗುರುತಾಗಿ ಉಳಿದಿಲ್ಲ, ಲಕ್ಷಾಂತರ ಜನರ ಸ್ವಾಭಿಮಾನದ ಜಾಗವಾಗಿದೆ. ಕಲಬುರ್ಗಿ, ವಿಜಯಪುರ, ಬೀದರ್ ಕಡೆಯಿಂದ ಬರುವವರು ಈ ನಂಟನ್ನು ನಮಗಿಂತ ಚೆನ್ನಾಗಿ ಬಲ್ಲರು. ಜನವರಿ 1ರಂದು ನಮನಕ್ಕೆಂದೇ ಹೋಗುವವರಿಗೆ ಅನುಕೂಲವಿದೆ, ಪಿಎಂಪಿಎಂಎಲ್ ವಿಶೇಷ ಬಸ್ಸು ಬಿಡುತ್ತದೆ, ಹೆದ್ದಾರಿಯ ಉಳಿದ ವಾಹನಗಳನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಸ್ತಂಭವನ್ನು ನಿಧಾನವಾಗಿ ಓದಬೇಕೆನ್ನುವವರು ಬೇರೆ ಯಾವ ವಾರದ ದಿನವಾದರೂ ಹೋಗಲಿ. ನೀರು, ಟೋಪಿ ಇರಲಿ. ಹೆದ್ದಾರಿ ದಾಟುವಾಗ ಲಾರಿಗಳ ಬಗ್ಗೆ ಎಚ್ಚರ, ಮಕ್ಕಳ ಕೈ ಬಿಡಬೇಡಿ.

ಸಿಂಹಗಡದ ಮಾತು ಚಿಕ್ಕದು. ತಾನಾಜಿ ಮಾಲುಸರೆ ಪ್ರಾಣ ಕೊಟ್ಟ 1670ರ ಫೆಬ್ರವರಿಯ ಕಾಳಗದ ಕೋಟೆ. ಸ್ವಾರಗೇಟ್ ಕಡೆಯಿಂದ 'ಸಿಂಹಗಡ ಪಾಯಥಾ' ಎಂಬ ಫಲಕದ ಪಿಎಂಪಿಎಂಎಲ್ ಬಸ್ಸು ಬುಡದವರೆಗೆ ಹೋಗುತ್ತದೆ. ಮೇಲಕ್ಕೆ ಕಾಲುದಾರಿ ಒಂದೂವರೆಯಿಂದ ಎರಡು ತಾಸು, ಬೇಡವೆಂದರೆ ಶೇರ್ ಜೀಪು. ಘಾಟಿಯ ಮೇಲೆ ಇ-ಬಸ್ಸು ಓಡಿಸುವ ಪ್ರಯತ್ನ 2022ರ ಮೇನಲ್ಲಿ ಶುರುವಾಗಿ ಬೇಗ ನಿಂತಿತು, ಇಕ್ಕಟ್ಟಾದ ತಿರುವುಗಳಲ್ಲಿ ಅಷ್ಟುದ್ದದ ಬಸ್ಸು ಹಿಡಿಯುವುದು ಕಷ್ಟ. ಮುಂದೆ ಆಸೆಯಿದೆ. ಖರಾಡಿಯಿಂದ ಹಡಪ್ಸರ್, ಸ್ವಾರಗೇಟ್ ದಾಟಿ ಖಡಕವಾಸ್ಲಾವರೆಗಿನ ಮೆಟ್ರೊಗೆ ಕೇಂದ್ರ ಸಂಪುಟ 2025ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಕೋಟೆಯೇ ನೋಡಬೇಕು, ಬಸ್ಸಿನ ರಗಳೆ ಬೇಡ ಎನ್ನುವವರಿಗೆ ಲೋಹಗಡ ಒಳ್ಳೆಯದು. ಪುಣೆ-ಲೋಣಾವಳಾ ಲೋಕಲ್ ರೈಲಿನಲ್ಲಿ ಮಳವಲಿಯಲ್ಲಿ ಇಳಿದು ನಡೆಯಬಹುದು. 2025ರ ಜುಲೈನಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ಅದೂ ಒಂದು. ಆ ಪಟ್ಟಿಯ ಹೆಸರಿನಲ್ಲಿ ಕೋಟೆ ಎಂಬ ಮಾತೇ ಇಲ್ಲ, ಮರಾಠಾ ಸೈನಿಕ ಭೂದೃಶ್ಯಗಳು ಎಂದಿದೆ. ಗುಡ್ಡ, ಕಣಿವೆ, ಕಡಲು ಎಲ್ಲ ಸೇರಿಯೇ ಯುದ್ಧದ ಪರಂಪರೆ ಎಂದು ಭಾರತ ಸರ್ಕಾರವೇ ಜಗತ್ತಿನ ಮುಂದೆ ವಾದಿಸಿ ಗೆದ್ದಿದೆ. ಆ ವಾದವನ್ನು ತನ್ನದೇ 1958ರ ಕಾಯ್ದೆಗೂ ತರಬೇಕು.

ಒಂದೇ ದಿನವಿದ್ದರೆ ಹೀಗೆ ಮಾಡಿ: ಸ್ವಾರಗೇಟ್‌ನಲ್ಲಿ ಇಳಿದವರು ತಂಪು ಹೊತ್ತಿನಲ್ಲೇ ಪರ್ವತಿ ಹತ್ತಿಳಿಯಿರಿ. ಅಲ್ಲಿಂದ ಮೆಟ್ರೊದಲ್ಲಿ ಶಿವಾಜಿನಗರ, ಬಸ್ಸಿನಲ್ಲಿ ವಿದ್ಯಾಪೀಠ. ವಾಪಸ್ ಬಂದು ನೇರಳೆ ಮಾರ್ಗದಲ್ಲಿ ಖಡ್ಕಿಯವರೆಗೆ ಎಡಗಿಟಕಿಯ ಪ್ರಯಾಣ. ಊಟ ಆದ ಮೇಲೆ ಅಕ್ವಾ ಮಾರ್ಗ, ನದಿ, ಆಗಾ ಖಾನ್ ಅರಮನೆ. ಅರಮನೆಗೆ ಕಲ್ಯಾಣಿನಗರ ನಿಲ್ದಾಣದಿಂದ ರಿಕ್ಷಾ ಸಾಕು. ಸಂಜೆ ಕಸಬಾ ಪೇಠದಲ್ಲಿ ಇಳಿದು ಶನಿವಾರವಾಡೆ, ಟಿಕೆಟ್ 25 ರೂಪಾಯಿ. ಕೋರೆಗಾಂವನ್ನು ಇದರ ಜೊತೆ ತುರುಕಬೇಡಿ, ಅದಕ್ಕೆ ಅರ್ಧ ದಿನ ಬೇರೆಯೇ ಬೇಕು.

ಈಗ ಧ್ವನಿ ಎತ್ತಲು ತಕ್ಕ ಸಮಯವೂ ಇದೆ. ರಾಮವಾಡಿಯಿಂದ ವಾಘೋಲಿಯ ವಿಠ್ಠಲವಾಡಿವರೆಗೆ, ವನಾಜ್‌ನಿಂದ ಚಾಂದಣಿ ಚೌಕದವರೆಗೆ ಒಟ್ಟು 12.75 ಕಿಲೋಮೀಟರ್ ವಿಸ್ತರಣೆಗೆ 2025ರ ಜೂನ್‌ನಲ್ಲಿ ಕೇಂದ್ರ ಸಂಪುಟ 3,626 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿದೆ. ಇದು 2017ರ ನೀತಿ ಬಂದ ಮೇಲಿನ ಯೋಜನೆ, ಅಂದರೆ ಫೀಡರ್ ಷರತ್ತು ಇದಕ್ಕೆ ಹೊಂದುತ್ತದೆ. ವಿಠ್ಠಲವಾಡಿಯಿಂದ ಲೋಣಿಕಂದ, ಪೆರ್ಣೆ ಫಾಟಾವರೆಗೆ ಇಡೀ ವರ್ಷ ನಿಗದಿತ ವೇಳೆಗೆ ಓಡುವ ಬಸ್ಸು ಬೇಕೆಂದು ಪಿಎಂಪಿಎಂಎಲ್‌ಗೂ ಮಹಾ ಮೆಟ್ರೊಗೂ ಈಗಲೇ ಬರೆಯಬೇಕು. ಪತ್ರದಲ್ಲಿ ನೀತಿಯ 5 ಕಿಲೋಮೀಟರ್ ಷರತ್ತನ್ನು ಹೆಸರಿಸಿ, ಪೆರ್ಣೆ ಆ ಅಳತೆಯ ಆಚೆ ಇದ್ದರೂ ಯಾಕೆ ಬೇಕು ಎಂಬ ಕಾರಣವನ್ನು ಸೇರಿಸಿ. ಕಂಬಗಳು ಎದ್ದು, ನಿಲ್ದಾಣದ ಮುಂದೆ ಬಸ್ಸು ನಿಲ್ಲಲು ಜಾಗವೇ ಇಲ್ಲವೆಂದಾದ ಮೇಲೆ ಕೇಳಿ ಫಲವಿಲ್ಲ.